ಶನಿವಾರದ ಜೀಪು

ಮೇ ೧೪, ಭಾನುವಾರ

ಪ್ರೀತಿಯ ಗುಬ್ಬೀ,

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಮೂರು ಸಲ ಉತ್ತರ ಬರೆಯಲು ಕೂತು, ಮೂರು ಸಲವೂ ಹರಿದು ಹಾಕಿದೆ. ಅಮ್ಮನ ಜೊತೆ ಕೊನೆಯವರೆಗೂ ಇದ್ದವಳು ನೀನೊಬ್ಬಳೇ, ಏನಾಯಿತೆಂದು ಸರಿಯಾಗಿ ಹೇಳು ಅಂತ ಕೇಳಿದ್ದೀಯ. ಅಂತ್ಯಕ್ರಿಯೆಗೆ ಬಂದಾಗ ನಾನು ನಿನ್ನ ಕಣ್ಣು ತಪ್ಪಿಸಿ ಓಡಾಡಿದ್ದೂ ನಿನಗೆ ತಿಳಿದಿರಬೇಕು.

ಅವತ್ತು ಊರನ್ನು ನೋಡುವ ಸ್ಥಿತಿಯಲ್ಲಿ ನೀನಿರಲಿಲ್ಲ. ಬೆಟ್ಟದ ತುದಿಗೆ ಕಬ್ಬಿಣದ ಕಂಬಿ ಹಾಕಿ ವ್ಯೂ ಪಾಯಿಂಟ್ ಮಾಡಿದ ಮೇಲೆ, ನಾವಿಬ್ಬರೂ ಆಲೂಗಡ್ಡೆ ಅಗೆಯುತ್ತಿದ್ದ ಹೊಲ ಕಾರು ನಿಲ್ಲಿಸುವ ಜಾಗವಾಗಿದೆ. ದರ್ಜಿ ಗೈಡ್ ಆಗಿದ್ದಾನೆ. ನಮ್ಮ ಲೆಕ್ಕದ ಮೇಷ್ಟ್ರು ಟಿಕೆಟ್ ಹರಿಯುತ್ತಾರೆ. ನಿಮ್ಮಮ್ಮ ಬೆಟ್ಟದ ಮೆಟ್ಟಿಲ ಬುಡದಲ್ಲಿ ಚಹಾ ಅಂಗಡಿ ಇಟ್ಟರು, ನಾವು ಮೇಲಿನ ಎರಡು ಕೋಣೆ ಬಾಡಿಗೆಗೆ ಬಿಟ್ಟೆವು. ಈಗ ಇಲ್ಲಿ ಯಾರೂ ಬಿತ್ತುವುದಿಲ್ಲ. ಹೋದ ವರ್ಷ ಪ್ರವಾಸಿಯೊಬ್ಬರು ಬಿದ್ದು ತಲೆ ಒಡೆದುಕೊಂಡು, ಈ ಊರಲ್ಲಿ ಕೇಳುವವರೇ ಇಲ್ಲ ಎಂದು ಫೋನಿನಲ್ಲಿ ಬರೆದು ಹಾಕಿದರು. ಮೂರು ತಿಂಗಳು ಒಂದು ಕಾರೂ ಬರಲಿಲ್ಲ. ಊರಿಗೆ ಊರೇ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದೆವು.

ಆ ಶನಿವಾರ ಬೆಳಿಗ್ಗೆ ಹತ್ತೂವರೆಗೆ ನಿಮ್ಮಮ್ಮ ತಾವೇ ನಡೆದುಕೊಂಡು ಆರೋಗ್ಯ ಕೇಂದ್ರಕ್ಕೆ ಬಂದರು. ಎದೆ ಹಿಡಿದುಕೊಂಡಿದೆ, ಗ್ಯಾಸ್ ಇರಬೇಕು ಎಂದರು. ಎಡಗೈ ಉಜ್ಜಿಕೊಳ್ಳುತ್ತಿದ್ದರು, ಹಣೆ ತಣ್ಣಗೆ ಬೆವೆತಿತ್ತು. ಹದಿನಾರು ವರ್ಷದಿಂದ ನರ್ಸ್ ಆಗಿರುವವಳಿಗೆ ಅದು ಗ್ಯಾಸ್ ಅಲ್ಲವೆಂದು ತಿಳಿಯದೇ ಇರುತ್ತದೆಯೇ? ಮಾತ್ರೆ ಕೊಟ್ಟು ಮಲಗಿಸಿ ಲಾಡ್ಜಿನ ಜೀಪಿಗೆ ಫೋನ್ ಮಾಡಿದೆ. ಪೇಟೆಯಿಂದ ಹೊರಟ ಆಂಬುಲೆನ್ಸ್ ಬೆಟ್ಟ ಹತ್ತುವ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡಿತ್ತು.

ಜೀಪು ಬಂತು. ಅದರ ಹಿಂದೆಯೇ ಒಬ್ಬ ಹೆಂಗಸನ್ನು ಎತ್ತಿಕೊಂಡು ಬಂದರು. ಮೆಟ್ಟಿಲಲ್ಲಿ ಕಾಲು ಉಳುಕಿತ್ತು, ಅಷ್ಟೇ. ಅವಳ ಗಂಡ ಫೋನ್ ಎತ್ತಿ ಹಿಡಿದು ಎಲ್ಲವನ್ನೂ ಚಿತ್ರ ತೆಗೆಯುತ್ತಿದ್ದ. ಇಲ್ಲಿ ಜೀವಕ್ಕೆ ಬೆಲೆ ಇದೆಯೋ ಇಲ್ಲವೋ, ಸಿಸ್ಟರ್, ನೀವೇ ಹೇಳಿ ಎಂದ. ಅವರು ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಇಳಿದುಕೊಂಡಿದ್ದವರು. ಇದನ್ನು ಅವತ್ತು ನಿನಗೆ ಹೇಳಲಿಲ್ಲ.

ನಿಮ್ಮಮ್ಮನೇ ಹಾಸಿಗೆಯಲ್ಲಿ ಎದ್ದು ಕೂತು, "ಅವ್ರನ್ನ ಮೊದ್ಲು ಕಳ್ಸಮ್ಮ. ಊರಿಗೆ ಕೆಟ್ಟ ಹೆಸ್ರು ಬೇಡ. ನಾನು ಕಾಯ್ತೀನಿ" ಎಂದರು. ನಾನು ಕಳಿಸಿದೆ.

ಬೇರೆ ಕಾರು ಕೇಳಲಿಲ್ಲವೇ ಎನ್ನುತ್ತೀಯ. ಹೊಲದ ತುಂಬ ಕಾರುಗಳಿದ್ದವು, ಓಡಿಸುವವರೆಲ್ಲ ಬೆಟ್ಟದ ಮೇಲಿದ್ದರು. ಓಡಿ ಹೋಗಿ ಒಬ್ಬನನ್ನು ಹಿಡಿದೆ, ಪಾಪ, ಒಪ್ಪಿದ. ಅವನ ಕಾರಿಗೆ ಅಡ್ಡವಾಗಿ ನಾಲ್ಕು ಸಾಲು ಕಾರು ನಿಂತಿತ್ತು.

ಆಂಬುಲೆನ್ಸ್ ಬರುವ ಮೊದಲೇ, ಒಂದೂವರೆಗೆ ನಿಮ್ಮಮ್ಮ ಹೋದರು. ಮೊಮ್ಮಗಳಿಗೆ ಹಲ್ಲು ಬಂತಂತಾ ಎಂದು ಕೇಳಿದ್ದರು. ಬಂದಿದೆ ಎಂದೆ. ಆಮೇಲೆ ನನ್ನ ಕೈ ಬಿಡಲೇ ಇಲ್ಲ. ಜೀಪು ವಾಪಸ್ಸು ಬಂದಾಗ ಮೂರು ದಾಟಿತ್ತು.

ಆ ಗಂಡ ಹೆಂಡತಿ ಊರನ್ನು ಬಾಯ್ತುಂಬ ಹೊಗಳಿ ಬರೆದಿದ್ದಾರೆ. ನಮ್ಮ ಕೋಣೆಗಳು ಮುಂದಿನ ತಿಂಗಳು ಪೂರ್ತಿ ಖಾಲಿಯಿಲ್ಲ. ನಾನು ನಿಮ್ಮಮ್ಮನ ಅಂಗಡಿಯ ದಾರಿ ಬಿಟ್ಟು ಸುತ್ತು ಬಳಸಿ ಕೆಲಸಕ್ಕೆ ಹೋಗುತ್ತೇನೆ.

ಬೈಯುವುದಾದರೂ ಒಂದು ಕಾಗದ ಬರೆ.

ನಿನ್ನ ಜೊತೆಯಲ್ಲೇ ಬೆಳೆದ,
ಕಡ್ಡಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಿಮ್ಮಮ್ಮ ಹಾಗೆ ಹೇಳಲೇ ಇಲ್ಲ, ಗುಬ್ಬೀ. ಕಾಯ್ತೀನಿ ಎಂಬ ಮಾತು ನಾನು ಕಟ್ಟಿದ್ದು. ಊರವರಿಗೆಲ್ಲ ಹೇಳಿ ಹೇಳಿ ನನಗೇ ನಿಜ ಅನಿಸತೊಡಗಿತ್ತು. ಅವರು ಗೋಡೆ ಹಿಡಿದುಕೊಂಡು ಬಾಗಿಲವರೆಗೂ ಬಂದು, "ನಂಗೂ ಒಂಚೂರು ಜಾಗ ಆಗುತ್ತೇನಮ್ಮ?" ಎಂದು ಕೇಳಿದರು. ಜಾಗ ಇತ್ತು. ಹಿಂದಿನ ಸೀಟಿನಲ್ಲಿ ನಮ್ಮ ಯಜಮಾನರು ತಂದಿಟ್ಟ ಆ ಗಂಡ ಹೆಂಡತಿಯ ಬ್ಯಾಗುಗಳಿದ್ದವು. ಇಳಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ.