ಅತ್ತೆ ಸುತ್ತಿದ ಲೋಟ

ಗೋದಾಮಿನ ಮ್ಯಾನೇಜರ್ ಸಾಹೇಬರಿಗೆ,

ನಿಮ್ಮ ಆ್ಯಪ್‌ನಲ್ಲಿ ಮಣ್ಣಿನ ಲೋಟ ಮಾರುವವಳು ನಾನು. ಮೊದಲು ನಮ್ಮತ್ತೆ ಪ್ರತಿ ಲೋಟದೊಳಗೆ ಹಳೇ ಬಟ್ಟೆ ತುರುಕಿ, ಮೇಲೆ ಹುಲ್ಲು ಸುತ್ತಿ ಕಳಿಸುತ್ತಿದ್ದರು, ಒಂದೂ ಒಡೆದಿರಲಿಲ್ಲ. ‘ಇನ್ನು ಪ್ಯಾಕಿಂಗ್ ಎಲ್ಲ ನಮ್ಮ ಗೋದಾಮಿನಲ್ಲೇ’ ಎಂದು ನೀವು ನಿಯಮ ಮಾಡಿದಿರಿ. ಈಗ ಗಿರಾಕಿಗಳಿಗೆ ಬರೀ ಚೂರು ತಲುಪುತ್ತಿದೆ. ಅದಕ್ಕೆ ‘ಮಾರಾಟಗಾರರ ತಪ್ಪು’ ಎಂದು ಆ್ಯಪ್‌ನಲ್ಲಿ ನಮ್ಮ ಅಂಗಡಿಯನ್ನೇ ಮುಚ್ಚಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

“ನನ್ ಕೈಗೇನು ರೋಗ ಬಂದಿತ್ತಂತೆ?” ಎಂದು ಅತ್ತೆ ದಿನಾ ಕೇಳುತ್ತಾರೆ. ನೀವೇ ಉತ್ತರ ಕೊಡಿ.

ಈ ಪತ್ರದ ಜೊತೆಗಿರುವ ಪೆಟ್ಟಿಗೆಯಲ್ಲಿ ಅವರೇ ಸುತ್ತಿದ ಲೋಟವಿದೆ. ಬಿಚ್ಚುವ ಮೊದಲು ನಿಮ್ಮ ಮೆಟ್ಟಿಲ ಮೇಲಿಂದ ಎಸೆಯಿರಿ. ಒಡೆದರೆ ತಪ್ಪು ನಮ್ಮದೇ. ಒಡೆಯದಿದ್ದರೆ ಅದರಲ್ಲೇ ಚಹಾ ಕುಡಿದು, ನಮ್ಮ ಅಂಗಡಿ ತೆರೆಯಿರಿ.

ಲೋಟ ಮಾತ್ರ ವಾಪಸ್ ಕಳಿಸಬೇಡಿ. ನಿಮ್ಮವರು ಪ್ಯಾಕ್ ಮಾಡಿದರೆ ಅದೂ ಒಡೆದೀತು.

ಇತಿ,
ಸಿಟ್ಟು ಇಳಿಯದ ಸೊಸೆ