ಅವ್ವನ ಜಡ್ಡಿನ ಹೆಸರು

ಅವ್ವಾ,

ನಿನಗೆ ಆಗಿದ್ದದ್ದು ರಕ್ತದ ಕ್ಯಾನ್ಸರ್. ಅಪ್ಪನಿಗೆ, ತಂಗಿ ವಿದ್ಯಾಶ್ರೀಗೆ, ನನಗೆ ಗೊತ್ತಿತ್ತು. ನಿನಗೊಬ್ಬಳಿಗೇ ಯಾರೂ ಹೇಳಲಿಲ್ಲ. ಶಕ್ತಿಯ ಸೂಜಿ ಎಂದು ನಿನಗೆ ಕೊಡಿಸಿದ್ದು ಇಂಟರ್‌ಫೆರಾನ್.

ಇವತ್ತು ಹುಬ್ಬಳ್ಳಿಯ ಪ್ರಯೋಗಾಲಯದಿಂದ ಸುನಿತಾ ಎಂಬ ಸಂಶೋಧಕಿ ಬೆಟಗೇರಿಯ ನಮ್ಮ ಮನೆಗೆ ಬಂದಿದ್ದಳು. ವೈರಸ್ ಹೊಕ್ಕ ಜೀವಕಣ ಅಕ್ಕಪಕ್ಕದ ಕಣಗಳನ್ನು ಎಚ್ಚರಿಸಲು ಇಂಟರ್‌ಫೆರಾನ್ ಹೊರಬಿಡುತ್ತದಂತೆ. ಎಂಟನೆಯ ತರಗತಿಗೇ ಶಾಲೆ ಬಿಟ್ಟ ನನಗೂ ಅದು ಅರ್ಥವಾಯಿತು. ಅದನ್ನು ಹಾಕಿದರೆ ಕೆಲವರ ಕ್ಯಾನ್ಸರ್ ಕಣಗಳು ಸಾಯುತ್ತವೆ. ನಿನ್ನವು ಯಾಕೆ ಬಗ್ಗಲಿಲ್ಲ ಎಂದು ತಿಳಿಯಲು, ಆಗ ತೆಗೆದಿಟ್ಟ ನಿನ್ನ ರಕ್ತದ ಜೊತೆ ಹೋಲಿಸಿ ನೋಡಲು ಅವಳಿಗೆ ನಮ್ಮ ರಕ್ತವೂ ಬೇಕಂತೆ.

ಅಪ್ಪ ಎದ್ದು ಬಾಗಿಲು ಹಾಕಿದ. "ಸಣ್ಣಕ ಮಾತಾಡವಾ. ಮಗಳಿಗೆ ಗಂಡು ನೋಡಾಕತ್ತೀವಿ. ಆ ಜಡ್ಡಿನ ಹೆಸರು ಕೇಳಿದ್ರ ಯಾರು ಬರ್ತಾರ?"

ನನಗೆ ಮೈಯೆಲ್ಲ ಉರಿಯಿತು. "ಆಕಿ ಸತ್ತ ಮ್ಯಾಲೂ ಸುಳ್ಳ ಹೇಳ್ತೀಯೇನು?" ಎಂದು ಬಾಗಿಲು ತೆರೆದು, ಓಣಿಗೆಲ್ಲ ಕೇಳುವಂತೆ ಕೂಗಿದೆ: "ನಮ್ಮವ್ವಗ ರಕ್ತದ ಕ್ಯಾನ್ಸರ್ ಆಗಿತ್ತು!"

"ಬಾಯಿ ಮುಚ್ಚಲೇ, ಸಾಲಿ ಬಿಟ್ಟ ಶಾಣ್ಯಾ! ರಕ್ತ ಕೊಟ್ಟಿ ಅಂದ್ರ ಈ ಮನಿಗೆ ಬರಬ್ಯಾಡ."

ವಿದ್ಯಾಶ್ರೀ ಅಳುತ್ತ ಒಳಗೆ ಹೋದಳು. ಅವಳನ್ನು ಅಳಿಸುವುದು ನನಗೆ ಬೇಕಿರಲಿಲ್ಲ. ಆದರೂ ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಪ್ರಯೋಗಕ್ಕೆಂದು ನಿನ್ನ ರಕ್ತ ತೆಗೆದ ದಿನ ನೀನು ನರ್ಸ್‌ಗೆ ಕೇಳಿದ್ದೆ: "ನನ್ನ ಜಡ್ಡು ಏನಂತ ಇದರಾಗರ ಗೊತ್ತಾಕ್ಕೈತೇನವಾ?" ನರ್ಸ್ ನನ್ನ ಮುಖ ನೋಡಿದಳು. ನಾನು ನಿನ್ನ ಪಕ್ಕದಲ್ಲೇ ಕುಳಿತಿದ್ದೆ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಹುಬ್ಬಳ್ಳಿಗೆ ಹೋಗುತ್ತಿದ್ದೇನೆ.