ಎರಡು ಅರ್ಜಿ, ಎರಡು ಉತ್ತರ

ಮಾರ್ಚ್ ೧೮, ಮಂಗಳವಾರ

ಯಾವ ಲಾ ಕಾಲೇಜು ಎಂದು ನಾಳೆ ಸಂಜೆಯೊಳಗೆ ಹೇಳಬೇಕು. ದೊಡ್ಡ ಕಾಲೇಜಾದರೆ ಹನ್ನೆರಡು ವರ್ಷ ತೀರದ ಸಾಲ. ಮನೆ ಹತ್ತಿರದ ಸಂಜೆ ಕಾಲೇಜಿಗೆ ನನ್ನ ಸಂಬಳವೇ ಸಾಕು, ಆದರೆ ಅದರ ಹೆಸರು ಕೇಳಿದರೆ ದೊಡ್ಡ ವಕೀಲರು ಯಾರೂ ಹತ್ತಿರ ಸೇರಿಸುವುದಿಲ್ಲ.

ಮಗು ಮಲಗಿದ ಮೇಲೆ ದೊಡ್ಡ ಕಾಲೇಜಿನ ಅರ್ಜಿ, ಬ್ಯಾಂಕಿನ ಅರ್ಜಿ ಎರಡನ್ನೂ ಓದಿದೆ. ಕಾನೂನು ಏಕೆ ಎಂದು ಕಾಲೇಜಿನವರು ಕೇಳಿದ್ದಕ್ಕೆ, ಜೀವನಾಂಶಕ್ಕಾಗಿ ಕೋರ್ಟಿನ ಬೆಂಚಿನ ಮೇಲೆ ಕಾಯುವ ಹೆಂಗಸರ ಪರ ನಿಲ್ಲಲು ಎಂದಿದ್ದೇನೆ. ಓದಿದ ಮೇಲೆ ಏನು ಎಂದು ಬ್ಯಾಂಕಿನವರು ಕೇಳಿದ್ದಕ್ಕೆ, ದೊಡ್ಡ ಕಂಪನಿಯ ಕೆಲಸ. "ಹಾಗೇ ಬರೀರಿ ಮೇಡಂ, ಇಲ್ಲಾಂದ್ರೆ ಸಾಲ ಪಾಸಾಗಲ್ಲ" ಎಂದಿದ್ದ ಅಲ್ಲಿಯ ಗುಮಾಸ್ತ.

ಇವರನ್ನು ಎಬ್ಬಿಸಿ ತೋರಿಸಿದೆ. ನಿದ್ದೆಗಣ್ಣಲ್ಲೇ ನಕ್ಕರು.

"ಒಂದು ಸುಳ್ಳು ತಾನೇ, ಬಿಡೇ. ಬ್ಯಾಂಕಿನೋರು ಬಂದು ನೋಡ್ತಾರಾ?"

"ನೋಡಲ್ಲ ರೀ. ಕಂತು ಕಟ್ಟೋಕೆ ಶುರು ಮಾಡಿದ್ರೆ ಅದೇ ನಿಜ ಆಗ್ಬಿಡತ್ತೆ."

ನಗು ನಿಂತಿತು. ಎದ್ದು ಕೂತು ಎರಡೂ ಅರ್ಜಿಗಳನ್ನು ಮತ್ತೆ ನೋಡಿದರು.

"ಅಂದ್ರೆ ದಿನಾ ಸಂಜೆ ಮಗೂಗೆ ಊಟ ಮಾಡ್ಸೋದು ನಾನೇ ಅನ್ನು."

ಸಂಜೆ ಕಾಲೇಜು ಎಂದು ನಾನಿನ್ನೂ ಬಾಯಿ ಬಿಟ್ಟು ಹೇಳಿರಲೇ ಇಲ್ಲ. ಎದೆ ಹಗುರಾಯಿತು, ಆದರೆ ಹೆದರಿಕೆ ಹೋಗಿಲ್ಲ. ಹೆಸರಿಲ್ಲದ ಕಾಲೇಜಿನಿಂದ ಬಂದ ವಕೀಲೆಯನ್ನು ಆ ಬೆಂಚಿನ ಹೆಂಗಸರಾದರೂ ನಂಬುತ್ತಾರೋ, ಇಲ್ಲ ಅವರೂ ಕಾಲೇಜಿನ ಹೆಸರು ಕೇಳಿ ಮುಖ ತಿರುಗಿಸುತ್ತಾರೋ.